ಕೆರೆ ತುಂಬಿದೆ, ನಳ ಒಣಗಿದೆ. ಪಂಚಾಯಿತಿ ಏನು ಮಾಡಬಹುದು?

ಹೊಸ_ಮೆಂಬರ್ (ಪ್ರಶ್ನೆ ಕೇಳಿದವರು)
ಎಲ್ಲರಿಗೂ ನಮಸ್ಕಾರ. ವಿಜಯಪುರ ಜಿಲ್ಲೆಯ ಒಂದು ಹಳ್ಳಿಯವಳು ನಾನು. ಗ್ರಾಮ ಪಂಚಾಯಿತಿ ಸದಸ್ಯೆ. ಅವಧಿ ಮುಗಿಯುತ್ತಾ ಬಂದರೂ ಮನೆಯಲ್ಲಿ ಇನ್ನೂ "ಹೊಸ ಮೆಂಬರು" ಅಂತಲೇ ಕರೀತಾರೆ. ಊರ ಹೆಸರು ಹೇಳೋದಿಲ್ಲ. ಹೇಳಿದರೆ ನಾಳೆ ಬೆಳಿಗ್ಗೆ ಅಗಸಿ ಕಟ್ಟೆಯಲ್ಲಿ ನನ್ನದೇ ಪಂಚಾಯಿತಿ ನಡೆಯುತ್ತೆ.

ವಿಷಯ ಇಷ್ಟು. ನಮ್ಮೂರ ಕೆರೆಗೆ ಕೆಲವು ವರ್ಷಗಳಿಂದ ಕಾಲುವೆ ನೀರು ಬಿಡುತ್ತಿದ್ದಾರೆ. ಮೊದಲ ಸಲ ತುಂಬಿದಾಗ ಇಡೀ ಊರು ಸೇರಿ ಬಾಗಿನ ಕೊಟ್ಟಿತ್ತು. ನಮ್ಮತ್ತೆ ಕಣ್ಣೀರು ಹಾಕಿದ್ದರು. ಈಗ ಅದೇ ಕೆರೆ ದಂಡೆ ಮೇಲೆ 19 ಮೋಟರ್ ಕೂತಿವೆ. ಎಲ್ಲಾ ಸೇರಿ ಸುಮಾರು 60 ಎಕರೆ ಕಬ್ಬಿಗೆ ನೀರು ಎಳೆಯುತ್ತವೆ. ಫೆಬ್ರವರಿಗೆ ಕೆರೆ ತಳ ಕಾಣುತ್ತೆ. ಊರಿಗೆ ನೀರು ಕೊಡುವ ಬೋರ್ ಎರಡೂ ಕೆರೆ ಕೆಳಗೇ ಇವೆ. ಕೆರೆ ಒಣಗಿದರೆ ಅವೂ ಒಣಗುತ್ತವೆ. ಏಪ್ರಿಲ್‌ನಲ್ಲಿ ಟ್ಯಾಂಕರ್. ಮನೆ ಮನೆಗೆ ನಳ ಬಂದಿದೆ, ಸುಳ್ಳು ಹೇಳಬಾರದು. ಬೇಸಿಗೆಯಲ್ಲಿ ಅದಕ್ಕೆ ಕರು ಕಟ್ಟುತ್ತಾರೆ.

ಈಗ ಮುಂದಿನ ವರ್ಷದ ಯೋಜನೆ ಮಾಡುವ ಸಮಯ. ಸಭೆಯಲ್ಲಿ ಒಂದು ಹಾಳೆ ಕೊಟ್ಟರು. ಸುಸ್ಥಿರ ಅಭಿವೃದ್ಧಿಯ 9 ವಿಷಯ ಇವೆ, ಒಂದನ್ನು ಆರಿಸಿ ಗ್ರಾಮ ಸಂಕಲ್ಪ ಮಾಡಿ ಅಂತ. ಎಲ್ಲರೂ "ಸ್ವಚ್ಛ ಮತ್ತು ಹಸಿರು ಗ್ರಾಮ ಬರೀರಿ, ನಾಲ್ಕು ಗಿಡ ನೆಟ್ಟರೆ ಮುಗೀತು" ಅಂದರು. ನಾನು "ನೀರು ಸಮೃದ್ಧ ಗ್ರಾಮ" ಅಂದೆ. ಸಭೆ ಗಪ್ಪಾಯಿತು. ಯಾಕಂದ್ರೆ 19 ಮೋಟರಿನಲ್ಲಿ 4 ಮೆಂಬರುಗಳದ್ದೇ. ಇನ್ನೊಂದು ನನ್ನ ಮೈದುನನದು.

ನನ್ನ ಪ್ರಶ್ನೆ: ಪಂಚಾಯಿತಿಗೆ ನಿಜವಾಗಿ ಅಧಿಕಾರ ಇದೆಯಾ? ಯಾರಾದರೂ ಇಂಥದ್ದನ್ನು ಮಾಡಿ ತೋರಿಸಿದ್ದಾರಾ? ಭಾಷಣ ಬೇಡ, ದಯವಿಟ್ಟು.

ಗುಮ್ಮಟದ_ಗುಬ್ಬಿ
ಮೈದುನನ ಮೋಟರಿನಿಂದಲೇ ಶುರು ಮಾಡಿ ಅಕ್ಕಾರ. ಒಂದು ತಿಂಗಳು ಆ ಮನೆಗೆ ಊಟಕ್ಕೆ ಮಾತ್ರ ಹೋಗಬೇಡಿ.

ಕಟ್ಟೆ_ಮೇಲಿನವ
ಪಂಚಾಯಿತಿ ಕೈಯಲ್ಲಿ ಏನೂ ಇಲ್ಲ. ಬೀದಿ ದೀಪ, ಗಟಾರು, ಉತಾರ. ಅಷ್ಟೇ. ಸುಸ್ಥಿರ ಅಭಿವೃದ್ಧಿ ಅನ್ನೋದು ವಿಶ್ವಸಂಸ್ಥೆಯವರು 2015ರಲ್ಲಿ ಮಾಡಿದ 17 ಗುರಿ. ಅದನ್ನು ದೆಹಲಿಯವರು 9 ಮಾಡಿದರು. ಬೆಂಗಳೂರಿನವರು ಹಾಳೆ ಮಾಡಿದರು. ನಮ್ಮೂರಿಗೆ ಬರೋ ಹೊತ್ತಿಗೆ ಅದು ಒಂದು ಸಹಿ. 2030ರೊಳಗೆ ಮುಗಿಸಬೇಕಂತೆ. ನಮ್ಮೂರ ಗಟಾರು ಮುಗಿದರೆ ಸಾಕು.

ಒಬ್ಬ_ಪಿಡಿಒ
ಹೊಸ ಮೆಂಬರ್ ಅಕ್ಕಾರ, ನಾನು ಬಾಗಲಕೋಟೆ ಕಡೆ ಪಿಡಿಒ, ಅಂದ್ರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ. ಭಾಷಣ ಇಲ್ಲ, ಕೆಲಸದ ಮಾತು ಹೇಳ್ತೀನಿ.

ಮೊದಲು ಕೆರೆ ಯಾರದು ಅಂತ ದಾಖಲೆ ನೋಡಿ. ಅಚ್ಚುಕಟ್ಟು, ಅಂದ್ರೆ ಕೆರೆ ನೀರು ಉಣ್ಣುವ ಜಮೀನು, 40 ಹೆಕ್ಟೇರಿಗಿಂತ ಕಡಿಮೆ ಇದ್ದರೆ ಅದು ಪಂಚಾಯತ್ ರಾಜ್ ಕಡೆಯ ಕೆರೆ. ಅದಕ್ಕಿಂತ ಜಾಸ್ತಿ ಇದ್ದರೆ ಸಣ್ಣ ನೀರಾವರಿ ಇಲಾಖೆಯದು. ಇದು ಗೊತ್ತಿಲ್ಲದೆ ಜಗಳಕ್ಕೆ ಇಳಿದರೆ "ನಿಮಗೇನು ಸಂಬಂಧ" ಅಂತ ಒಂದೇ ಮಾತಿನಲ್ಲಿ ಕೂರಿಸುತ್ತಾರೆ. ನನ್ನನ್ನು ಹಾಗೆ ಒಮ್ಮೆ ಕೂರಿಸಿದ್ದಾರೆ.

ಎರಡನೇದು, ಯಾವ ಕಾರಣಕ್ಕೆ ಕೆರೆ ತುಂಬಿಸಿದ್ದು ಅಂತ ಯೋಜನೆ ಕಾಗದ ತೆಗೆಸಿ. ನಮ್ಮ ಕಡೆ ಕೆರೆ ತುಂಬಿಸೋದು ಕುಡಿಯುವ ನೀರಿಗೆ, ಅಂತರ್ಜಲ ಏರಲಿ ಅಂತ. ದಂಡೆ ಮೇಲೆ ಮೋಟರ್ ಇಡಲಿ ಅಂತ ಅಲ್ಲ.

ಮೂರನೇದು, ಕುಡಿಯುವ ನೀರಿನ ಮೂಲ ಕಾಪಾಡಲು 1999ರದ್ದು ಒಂದು ಅಂತರ್ಜಲ ಕಾಯ್ದೆ ಇದೆ. ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿ ಇಲ್ಲದೆ ಬೋರ್ ಕೊರೆಯುವಂತಿಲ್ಲ. ಮೋಟರ್ ತೆಗೆಸಿದರೆ ನಾಳೆ ಅದೇ ಜಾಗದಲ್ಲಿ ಬೋರ್ ಹೊಡೆಸುತ್ತಾರೆ. ಆಗ ಇದು ಬೇಕಾಗುತ್ತೆ.

ದುಡ್ಡಿನ ಮಾತು: 2026ರ ಮಾರ್ಚ್‌ವರೆಗಿನ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ನೂರಕ್ಕೆ 60 ನಿರ್ಬಂಧಿತ ಇತ್ತು, ಅಂದ್ರೆ ಹೇಳಿದ ಕೆಲಸಕ್ಕೇ ಬಳಸಬೇಕಿತ್ತು. ಅದರಲ್ಲಿ ಅರ್ಧ ಕುಡಿಯುವ ನೀರಿಗೆ, ಮಳೆ ನೀರು ಹಿಡಿಯಲಿಕ್ಕೆ. ಇನ್ನರ್ಧ ಸ್ವಚ್ಛತೆಗೆ. ಹಾಗಾಗಿ ನೀರಿಗೆ ದುಡ್ಡಿಲ್ಲ ಅನ್ನೋ ಮಾತನ್ನು ಸಭೆಯಲ್ಲಿ ಒಪ್ಪಬೇಡಿ.

ಕಟ್ಟೆ_ಮೇಲಿನವ
ಕಾಯ್ದೆ ಇದೆ ಸರ್. ಕಾಯುವವರು ಯಾರು? ರಾತ್ರಿ 2 ಗಂಟೆಗೆ ತ್ರೀಫೇಸ್ ಬಂದಾಗ ಕೆರೆ ದಂಡೆಗೆ ನೀವು ಬರ್ತೀರಾ?

ಒಬ್ಬ_ಪಿಡಿಒ
ಬರೋದಿಲ್ಲ. ನನಗೆ ಎರಡು ಪಂಚಾಯಿತಿ ಚಾರ್ಜ್ ಇದೆ. ಅದಕ್ಕೇ ಊರೇ ಕಾಯುವಂಥ ನಿಯಮ ಬೇಕು ಅನ್ನೋದು.

ನಿವೃತ್ತ_ಮಾಸ್ತರ
ಮಕ್ಕಳೇ, ಪಂಚಾಯಿತಿಗೆ ಅಧಿಕಾರ ಇಲ್ಲ ಅನ್ನುವವರು ಸ್ವಲ್ಪ ಹಿಂದೆ ನೋಡಬೇಕು. 1983ರ ಕಾಯ್ದೆಯಲ್ಲಿ ಮಂಡಲ ಪಂಚಾಯಿತಿ, ಜಿಲ್ಲಾ ಪರಿಷತ್ತು ಬಂದವು. 1987ರಲ್ಲಿ ಚುನಾವಣೆ ಆಯಿತು. ರಾಮಕೃಷ್ಣ ಹೆಗಡೆಯವರ ಸರ್ಕಾರ. ಹಿಂದೆ ನಿಂತು ಮಾಡಿಸಿದವರು ಆಗಿನ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬರು. ಹಳ್ಳಿ ಹಳ್ಳಿಗೆ ಬೋರ್ ಕೊರೆಸಿದ್ದಕ್ಕೆ ಜನ ಅವರನ್ನು "ನೀರ್ ಸಾಬ್" ಅಂತ ಕರೆದರು. ನಮ್ಮೂರ ಕೈಪಂಪಿಗೆ ಮೊದಲ ದಿನ ಕುಂಕುಮ ಹಚ್ಚಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂದದ್ದು ಆಮೇಲೆ, 1993ರ ಏಪ್ರಿಲ್ 24ರಂದು. 11ನೇ ಪರಿಶಿಷ್ಟದಲ್ಲಿ 29 ವಿಷಯ ಇವೆ. ಸಣ್ಣ ನೀರಾವರಿ, ಕುಡಿಯುವ ನೀರು, ಸಾಮಾಜಿಕ ಅರಣ್ಯ ಎಲ್ಲಾ ಅದರಲ್ಲಿವೆ. ಆದರೆ ಒಂದು ಕೊಕ್ಕೆ ಇದೆ. ರಾಜ್ಯಗಳು ಈ ಅಧಿಕಾರ "ಕೊಡಬಹುದು" ಅಂತ ಬರೆದಿದ್ದಾರೆ, "ಕೊಡಬೇಕು" ಅಂತ ಅಲ್ಲ. ಆ ಒಂದು ಪದದಲ್ಲಿ ಮೂವತ್ತು ವರ್ಷ ಹೋಯಿತು. ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳನ್ನೇ ನೋಡಿ. 2016ರಲ್ಲಿ ಆರಿಸಿ ಬಂದವರ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲ. ಗ್ರಾಮ ಪಂಚಾಯಿತಿ ಒಂದೇ ಉಳಿದದ್ದು.

ಗುಮ್ಮಟದ_ಗುಬ್ಬಿ
ಮಾಸ್ತರೇ, ಅಕ್ಕಾರು ಭಾಷಣ ಬೇಡ ಅಂದಿದ್ರು 😄

ನಿವೃತ್ತ_ಮಾಸ್ತರ
ಇದು ಪಾಠ, ಭಾಷಣ ಅಲ್ಲ. ನೀನು ಯಾವ ಬ್ಯಾಚ್?

ಲೆಕ್ಕದ_ಹುಡುಗ
ನಾನೊಂದು ಲೆಕ್ಕ ಹಾಕಿದೆ. ತಪ್ಪಿದ್ದರೆ ತಿದ್ದಿ.

ಊರಿನ ಜನಸಂಖ್ಯೆ 4,000 ಅಂತ ಇಟ್ಟುಕೊಳ್ಳಿ. ಜಲ ಜೀವನ್ ಮಿಷನ್ ಪ್ರಕಾರ ಒಬ್ಬರಿಗೆ ದಿನಕ್ಕೆ 55 ಲೀಟರ್. ದಿನಕ್ಕೆ 2.2 ಲಕ್ಷ ಲೀಟರ್ ಆಯಿತು. ವರ್ಷಕ್ಕೆ ಸುಮಾರು 8 ಕೋಟಿ ಲೀಟರ್.

ಕಬ್ಬಿಗೆ ಬೆಳೆ ಮುಗಿಯೋವರೆಗೆ 1,500ರಿಂದ 2,500 ಮಿಲಿಮೀಟರ್ ನೀರು ಬೇಕು ಅಂತಾರೆ. ನಡುವಿನ 2,000 ಹಿಡಿಯಿರಿ. ಒಂದು ಎಕರೆಗೆ 81 ಲಕ್ಷ ಲೀಟರ್.

ಅಂದ್ರೆ 10 ಎಕರೆ ಕಬ್ಬು ಕುಡಿಯುವ ನೀರು, 4,000 ಜನ ಒಂದು ವರ್ಷ ಕುಡಿಯುವ ನೀರು, ಎರಡೂ ಒಂದೇ! ಅಕ್ಕನವರ ಊರಲ್ಲಿ 60 ಎಕರೆ. ಇಡೀ ಊರಿನ ಆರು ವರ್ಷದ ನೀರು ಅದು.

ಕಬ್ಬಿನ_ಗೌಡ
ಏನಪ್ಪಾ ಲೆಕ್ಕದ ಹುಡುಗ, ಯಾವತ್ತಾದರೂ ಕಬ್ಬಿಗೆ ನೀರು ಕಟ್ಟಿದ್ದೀಯಾ? ಮಳೆ ಅಂತ ಒಂದು ಇದೆ, ಗೊತ್ತಾ? ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 600 ಮಿಲಿಮೀಟರ್ ಹತ್ತಿರ ಬೀಳುತ್ತೆ. ಅದನ್ನು ಕಳೀ ಮೊದಲು. ಆಮೇಲೆ ಕೆರೆಯಿಂದ ವರ್ಷಪೂರ್ತಿ ಯಾರೂ ಎಳೆಯೋದಿಲ್ಲ. ನಾಲ್ಕೈದು ತಿಂಗಳು ಅಷ್ಟೇ. ಉಳಿದದ್ದು ನಮ್ಮ ಬೋರ್ ನೀರು.

ಇನ್ನೊಂದು ಮಾತು. ಈ ಮೋಟರ್ ಇಟ್ಟವರನ್ನು ಕಳ್ಳರ ಹಾಗೆ ನೋಡಬೇಡಿ. ಹಿಂಗಾರಿ ಜೋಳ ಬೆಳೆದೆವು ತಲೆತಲಾಂತರ. ನಮ್ಮ ಡೋಣಿ ನದಿ ದಂಡೆ ಬಗ್ಗೆ "ಡೋಣಿ ಬೆಳೆದರೆ ಓಣೆಲ್ಲಾ ಜೋಳ" ಅಂತ ಹೇಳೋರು. ಜೋಳ ಬೆಳೆದವನಿಗೆ ಹೆಣ್ಣು ಕೊಡ್ತಿದ್ರಾ? ಕಬ್ಬಿಗೆ ಬಿಲ್ಲು ತಡವಾದರೂ ಒಂದೇ ಸಲ ಬರುತ್ತೆ. ಮಗಳ ಮದುವೆ, ಸೊಸೈಟಿ ಸಾಲ ಎಲ್ಲಾ ಅದರಲ್ಲೇ. ಕೆರೆ ತುಂಬಿಸಿದ್ದು ಯಾಕೆ, ದಂಡೆ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳಲಿಕ್ಕಾ?

ಲೆಕ್ಕದ_ಹುಡುಗ
ಗೌಡ್ರೇ, ಮಳೆ ವಿಷಯ ಒಪ್ಪಿದೆ. 600 ಕಳೆದರೆ 1,400. ಆಗ 14 ಎಕರೆ ಕಬ್ಬು ಅಂದರೆ ಊರಿನ ಒಂದು ವರ್ಷದ ನೀರು. 60 ಎಕರೆಗೆ ನಾಲ್ಕು ವರ್ಷ ಚಿಲ್ಲರೆ. ನಾಲ್ಕೈದು ತಿಂಗಳು ಮಾತ್ರ ಅಂದ್ರಲ್ಲ, ಅರ್ಧ ಮಾಡಿ. ಆಗಲೂ ಎರಡು ವರ್ಷದ ನೀರು. ಇಡೀ ಊರಿಗೆ. ಬಿಸಿಲಿಗೆ ಆವಿಯಾಗಿ ಹೋಗೋದನ್ನು ನಾನು ಇನ್ನೂ ಹಿಡಿದಿಲ್ಲ.

ಕಬ್ಬಿಗೆ ನೀರು ಕಟ್ಟಿದ್ದೀನಿ. ನಮ್ಮಪ್ಪನ ಜೊತೆ, ರಾತ್ರಿ, ಬ್ಯಾಟರಿ ಹಿಡ್ಕೊಂಡು. ಕಬ್ಬಿನ ಗರಿ ಕೊಯ್ದ ಗುರುತು ಇನ್ನೂ ಕೈ ಮೇಲಿದೆ.

ಕಬ್ಬಿನ_ಗೌಡ
ಹಂಗಾದ್ರೆ ಸರಿ. ಮಾತಾಡೋಣ.

ಜಮಖಂಡಿ_ಬಸು
ಜನ ಮನಸ್ಸು ಮಾಡಿದರೆ ಏನಾಗುತ್ತೆ ಅನ್ನೋದಕ್ಕೆ ನಮ್ಮ ಶ್ರಮಬಿಂದು ಸಾಗರ ನೋಡಿ. ಚಿಕ್ಕಪಡಸಲಗಿ ಹತ್ತಿರ ಕೃಷ್ಣಾ ನದಿಗೆ ರೈತರೇ ವಂತಿಗೆ ಹಾಕಿ, ಮೈಮುರಿದು ದುಡಿದು ಬಾಂದಾರ ಕಟ್ಟಿದರು. 1989ರಲ್ಲಿ. ಕೃಷ್ಣಾ ತೀರ ರೈತ ಸಂಘ, ಸಿದ್ದು ನ್ಯಾಮಗೌಡರ ಮುಂದಾಳತ್ವ. ಸರ್ಕಾರ ಕಟ್ಟಿಕೊಡಲಿ ಅಂತ ಕೂತಿದ್ದರೆ ಇನ್ನೂ ಕೂತಿರಬೇಕಿತ್ತು. ಎರಡೇ ವರ್ಷಕ್ಕೆ ಅದೇ ನ್ಯಾಮಗೌಡರು ಲೋಕಸಭೆ ಚುನಾವಣೆಯಲ್ಲಿ ರಾಮಕೃಷ್ಣ ಹೆಗಡೆಯವರನ್ನೇ ಸೋಲಿಸಿದರು.

ನಿವೃತ್ತ_ಮಾಸ್ತರ
ನೋಡಿ, ವಿಚಿತ್ರ! ಹಳ್ಳಿಗೆ ಅಧಿಕಾರ ಕೊಡಬೇಕು ಅಂದ ಹೆಗಡೆಯವರನ್ನು, ಅಧಿಕಾರಕ್ಕೆ ಕಾಯದೆ ಬಾಂದಾರ ಕಟ್ಟಿದ ರೈತ ಸೋಲಿಸಿದ. ಇದರ ಮೇಲೆ ಒಂದು ಪ್ರಬಂಧ ಬರೆಯಬಹುದು.

ಗುಮ್ಮಟದ_ಗುಬ್ಬಿ
ಬೇಡ ಮಾಸ್ತರೇ.

ಸವಳು_ಹೊಲದವ
ಬಸು ಅಣ್ಣ, ಬಾಂದಾರಕ್ಕೆ ಕೈ ಮುಗೀತೀನಿ. ಆದರೆ ಆಮೇಲಿನ ಕಥೆಯನ್ನೂ ಹೇಳಬೇಕಲ್ವಾ? ನಾನೂ ನಿಮ್ಮ ಕಡೆಯವನೇ, ನದಿ ದಂಡೆಯ ಊರು. ನೀರು ಬಂತು ಅಂತ ಹಿಗ್ಗಿ ಕಬ್ಬಿನ ಮೇಲೆ ಕಬ್ಬು ಹಾಕಿದೆವು. ಬದು ಒಡೆಯೋವರೆಗೆ ನೀರು ಬಿಟ್ಟೆವು. ಯರಿ ಭೂಮಿ, ನೀರು ಬಸಿಯೋದಿಲ್ಲ. ನಮ್ಮ 6 ಎಕರೆಯಲ್ಲಿ ಎರಡೂವರೆ ಎಕರೆ ಈಗ ಸವಳು ಜವಳು. ಬೇಸಿಗೆಯಲ್ಲಿ ದೂರದಿಂದ ನೋಡಿದರೆ ಉಪ್ಪು ಒಣಗಿಸಲು ಹಾಕಿದ ಹಾಗೆ ಬೆಳ್ಳಗೆ ಕಾಣುತ್ತೆ. ಜಾಲಿ ಕೂಡ ಸರಿಯಾಗಿ ಬರೋದಿಲ್ಲ.

ಇದಕ್ಕೆ ಮದ್ದು ಇದೆ. ನೆಲದೊಳಗೆ ತೂತಿನ ಪೈಪು ಹಾಕಿ ಬಸಿಗಾಲುವೆ ಮಾಡಬೇಕು. ಆದರೆ ನಾನೊಬ್ಬನೇ ಮಾಡಿದರೆ ಬಸಿದ ನೀರು ಎಲ್ಲಿ ಹೋಗಬೇಕು? ಪಕ್ಕದವನ ಹೊಲಕ್ಕೆ. ಅವನು ಕುಡಗೋಲು ಹಿಡಿದು ಬರ್ತಾನೆ. ಹಳ್ಳ ಮುಟ್ಟೋವರೆಗೆ 20 ಹೊಲ ದಾಟಬೇಕು. 20 ಜನರನ್ನು ಕೂರಿಸಿ ಒಪ್ಪಿಸೋದು ಕೃಷಿ ವಿಶ್ವವಿದ್ಯಾಲಯದ ಕೆಲಸ ಅಲ್ಲ, ಇಂಜಿನಿಯರ್ ಕೆಲಸಾನೂ ಅಲ್ಲ. ಅದು ಗ್ರಾಮಸಭೆ ಕೆಲಸ. ನಮ್ಮಲ್ಲಿ ಎರಡು ಸಲ ವಿಷಯ ಇಟ್ಟೆ. ಎರಡೂ ಸಲ ಮನೆ ಹಂಚೋ ಪಟ್ಟಿ ಮೇಲೆ ಜಗಳ ಆಗಿ ಸಭೆ ಮುಗೀತು.

ಅಕ್ಕಾರ ಊರವರಿಗೆ ಹೇಳಿ: ಕೆರೆ ಖಾಲಿ ಆಗೋದು ಒಂದೇ ನಷ್ಟ ಅಲ್ಲ. ಇಪ್ಪತ್ತು ವರ್ಷ ಬಿಟ್ಟು ನಮ್ಮ ಹೊಲ ನೋಡಿಕೊಂಡು ಹೋಗಲಿ. ಚಹಾ ನಾನು ಕುಡಿಸ್ತೀನಿ.

ಹೊಸ_ಮೆಂಬರ್
ಅಣ್ಣಾರ, ಈ ಮಾತು ನನಗೆ ಹೊಳೆದಿರಲಿಲ್ಲ. ನಿಜವಾಗಿಯೂ ಕರಕೊಂಡು ಬರಬಹುದಾ? ಒಂದು ಟ್ರ್ಯಾಕ್ಸ್ ತುಂಬ ಜನ?

ಸವಳು_ಹೊಲದವ
ಬರ್ರಿ. ಕಬ್ಬಿನ ಗೌಡರನ್ನೂ ಕರಕೊಂಡು ಬರ್ರಿ.

ನೀರಿನ_ನಂಟು
ಮಹಾರಾಷ್ಟ್ರದ ರಾಳೇಗಣಸಿದ್ಧಿಯಲ್ಲಿ ಪೋಪಟರಾವ್ ಪವಾರ್ ಇದನ್ನೇ ಮಾಡಿದ್ದು. ಕಬ್ಬು ಬಂದ್, ಬೋರ್ ಬಂದ್.

ಬೆಳಗಾವಿ_ಜಿಟಿಜಿಟಿ
ತಿದ್ದುಪಡಿ: ರಾಳೇಗಣಸಿದ್ಧಿ ಅಣ್ಣಾ ಹಜಾರೆಯವರ ಊರು. ಪೋಪಟರಾವ್ ಪವಾರರದ್ದು ಹಿವರೆ ಬಜಾರ್. ಎರಡೂ ಅಹಮದ್‌ನಗರ ಜಿಲ್ಲೆ, ಈಗಿನ ಅಹಿಲ್ಯಾನಗರ. ಪವಾರರಿಗೆ 2020ರಲ್ಲಿ ಪದ್ಮಶ್ರೀ ಬಂತು.

ನಾನು ಹಿವರೆ ಬಜಾರ್‌ಗೆ ಹೋಗಿದ್ದೆ. ಅಲ್ಲಿ ಮಳೆ ನಮ್ಮ ವಿಜಯಪುರಕ್ಕಿಂತ ಕಡಿಮೆ. ಅವರ ಗುಟ್ಟು ಚೆಕ್ ಡ್ಯಾಮ್ ಅಲ್ಲ. ಚೆಕ್ ಡ್ಯಾಮ್ ನಮ್ಮಲ್ಲೂ ಬೇಕಾದಷ್ಟಿವೆ. ವರ್ಷಾ ವರ್ಷ ಗ್ರಾಮಸಭೆಯಲ್ಲಿ ನೀರಿನ ಬಜೆಟ್ ಮಾಡ್ತಾರೆ. ಈ ವರ್ಷ ಇಷ್ಟು ಮಳೆ ಬಿತ್ತು, ಜನಕ್ಕೆ ಇಷ್ಟು, ದನಕ್ಕೆ ಇಷ್ಟು, ಉಳಿದದ್ದರಲ್ಲಿ ಇಂಥ ಬೆಳೆ ಅಂತ. ಮಳೆ ಕಡಿಮೆ ಆದರೆ ಬೆಳೆ ಬದಲು. ಅದು ಊರ ಮಧ್ಯೆ ಎಲ್ಲರ ಮುಂದೆ ತೀರ್ಮಾನ ಆಗುತ್ತೆ.

ಕಟ್ಟೆ_ಮೇಲಿನವ
ಆ ಊರಿಗೆ ನಮ್ಮ ಕಡೆಯಿಂದ ಎಷ್ಟು ಬಸ್ ಹೋಗಿಲ್ಲ! ಅಧ್ಯಯನ ಪ್ರವಾಸ ಅಂತಾರೆ. ಶಿರಡಿ ನೋಡಿ, ಶನಿ ಶಿಂಗಣಾಪುರ ನೋಡಿ, ಬರುವಾಗ ಅರ್ಧ ಗಂಟೆ ಹಿವರೆ ಬಜಾರ್. ನಮ್ಮ ಮೆಂಬರುಗಳು ಫೋಟೊ ಸಮೇತ ಬಂದರು. ನೀರಿನ ಬಜೆಟ್ ಅಲ್ಲೇ ಬಿಟ್ಟು ಬಂದರು.

ಬೆಳಗಾವಿ_ಜಿಟಿಜಿಟಿ
ಹೌದು, ನಾನು ಹೋದದ್ದೂ ಅದೇ ಬಸ್ಸಿನಲ್ಲೇ 🙈

ಖಾನಾಪುರ_ಕಾಡಂಚು
ನಮ್ಮ ಕಡೆ ಉಲ್ಟಾ. ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟುತ್ತಾಳೆ, ಮಳೆಗಾಲದಲ್ಲಿ ಮನೆಯಿಂದ ಹೊರಗೆ ಕಾಲಿಡಲಿಕ್ಕೆ ಆಗೋದಿಲ್ಲ. ಮಾರ್ಚ್‌ಗೆ ಕೊಡ ಹಿಡಿದು ಝರಿ ಹುಡುಕ್ತೀವಿ. ಒಂದೇ ಜಿಲ್ಲೆಯಲ್ಲಿ ಐದು ನೂರು ಪಂಚಾಯಿತಿ, ಎಲ್ಲರಿಗೂ ಅದೇ ಒಂದು ನಮೂನೆ ಹಾಳೆ. ಪ್ರತಿ ಪಂಚಾಯಿತಿಗೂ ಜೀವವೈವಿಧ್ಯ ಸಮಿತಿ ಇರಬೇಕು ಅಂತ 2002ರ ಕಾಯ್ದೆ ಹೇಳುತ್ತೆ. ನಮ್ಮ ಸಮಿತಿಯ ಸದಸ್ಯ ನಾನೇ ಅಂತ ನನಗೆ ಗೊತ್ತಾದದ್ದು ಎರಡು ವರ್ಷ ಆದ ಮೇಲೆ.

ಕರದಂಟು_ಪ್ರೇಮಿ
ಅಧಿವೇಶನ ಬೆಳಗಾವಿಯಲ್ಲಿ ನಡೆಯುವಾಗ ಸುವರ್ಣ ಸೌಧದ ಮುಂದೆ ಇದನ್ನು ಕೇಳಬೇಕು. ವರ್ಷಕ್ಕೆ ಹತ್ತು ದಿನ ಬಾಗಿಲು ತೆಗೀತಾರೆ. ಬಂದವರೆಲ್ಲ ಕುಂದಾ, ಕರದಂಟು ಕಟ್ಟಿಸಿಕೊಂಡು ಹೋಗ್ತಾರೆ. ಅದೂ ಗೋಕಾಕದ್ದು.

ಜಮಖಂಡಿ_ಬಸು
ಕರದಂಟು ಅಂದ್ರೆ ಅಮೀನಗಡದ್ದು. ವಿಷಯ ಬದಲಿಸಬೇಡಿ.

ಕರದಂಟು_ಪ್ರೇಮಿ
ವಿಷಯ ಬದಲಿಸಿದ್ದು ನೀವು. ಗೋಕಾಕದ್ದೇ.

ಸ್ವಚ್ಛವಾಹಿನಿ_ಅಕ್ಕ
ನಾನು ಕಸದ ಗಾಡಿ ಓಡಿಸ್ತೀನಿ. ಸಂಜೀವಿನಿ ಒಕ್ಕೂಟದಿಂದ (ಮಹಿಳಾ ಸ್ವಸಹಾಯ ಸಂಘಗಳದ್ದು) ಡ್ರೈವಿಂಗ್ ಕಲಿತು ಲೈಸೆನ್ಸ್ ಮಾಡಿಸಿಕೊಂಡೆ. ಮೊದಲ ದಿನ ನಮ್ಮ ಓಣಿ ಹುಡುಗರು ಸೀಟಿ ಹೊಡೆದರು. ಈಗ ಅವರೇ "ಅಕ್ಕಾ, ನಿಲ್ಸು" ಅಂತ ಬಕೆಟ್ ಹಿಡ್ಕೊಂಡು ಓಡಿ ಬರ್ತಾರೆ.

ಹೇಳೋದು ಏನಂದ್ರೆ, ನಮ್ಮಲ್ಲಿ ಗಾಡಿ ಬಂತು, ಕಸದ ಶೆಡ್ ಕಟ್ಟಿದರು, ಉದ್ಘಾಟನೆ ಆಯಿತು. ಮೂರು ತಿಂಗಳಿಗೆ ಡೀಸೆಲ್ ದುಡ್ಡು ಇಲ್ಲ ಅಂತ ಗಾಡಿ ನಿಂತಿತು. ಅನುದಾನ ಗಾಡಿಗೆ ಬರುತ್ತೆ, ಗಾಡಿ ಓಡಿಸಲಿಕ್ಕೆ ಊರೇ ಕೊಡಬೇಕು. ಆಗ ನಾವು ಹೆಂಗಸರು ಮನೆ ಮನೆಗೆ ಹೋಗಿ ತಿಂಗಳಿಗೆ 30 ರೂಪಾಯಿ ಕೇಳಿದೆವು. ಮೊದಲು ಬಾಗಿಲು ಹಾಕಿಕೊಂಡರು. ನಾವು ಒಂದು ಉಪಾಯ ಮಾಡಿದೆವು. ಯಾರು ಕೊಟ್ಟರು, ಎಷ್ಟು ಡೀಸೆಲ್ ಹಾಕಿಸಿದೆವು ಅಂತ ಪಂಚಾಯಿತಿ ಗೋಡೆ ಮೇಲೆ ಬರೆದೆವು. ಕೊಡದವರ ಹೆಸರು ಬರೆಯಲಿಲ್ಲ. ಖಾಲಿ ಜಾಗ ಬಿಟ್ಟೆವು, ಅಷ್ಟೇ. ಎರಡನೇ ತಿಂಗಳಿಗೆ ಜಾಗ ತುಂಬಿತು.

ನಿಮ್ಮ ಕೆರೆಗೂ ಹಂಗೇ ಏನಾದರೂ ಮಾಡಿ. ಎಲ್ಲರಿಗೂ ಕಾಣಬೇಕು. ಕಾಗದದಲ್ಲಿದ್ದರೆ ಯಾರೂ ಓದೋದಿಲ್ಲ.

ಅರಿವು_ಕೇಂದ್ರ
ಈ ಅಕ್ಕಾರ ಮಾತಿಗೆ ನನ್ನದೊಂದು ಸೇರಿಸ್ತೀನಿ. ನಾನು ಪಂಚಾಯಿತಿ ಗ್ರಂಥಾಲಯ ನೋಡಿಕೊಳ್ತೀನಿ. ಮಕ್ಕಳ ಗ್ರಾಮಸಭೆ ನವೆಂಬರ್‌ನಲ್ಲಿ ಆಗುತ್ತಲ್ಲ, ಅದನ್ನು ಹಾಡು, ಚಾಕೊಲೇಟ್‌ಗೆ ಮುಗಿಸಬೇಡಿ. ನಮ್ಮಲ್ಲಿ ಏಳನೇ ಕ್ಲಾಸಿನ ಹುಡುಗಿಯರಿಗೆ ಕ್ಯಾಲೆಂಡರ್ ಕೊಟ್ಟಿದ್ದೆ. ನಳ ಬಂದ ದಿನ ಹಸಿರು ಚುಕ್ಕೆ, ಬಾರದ ದಿನ ಕೆಂಪು. ಸಭೆಯಲ್ಲಿ ಆ ಹಾಳೆ ಬಿಚ್ಚಿದಾಗ ವಾಟರ್‌ಮನ್‌ಗೂ ಮಾತು ಹೊರಡಲಿಲ್ಲ. ಮೆಂಬರ್ ಹೇಳಿದರೆ ರಾಜಕೀಯ ಅಂತಾರೆ. ಮಗು ಚುಕ್ಕೆ ಇಟ್ಟರೆ ಏನಂತಾರೆ?

ಕಟ್ಟೆ_ಮೇಲಿನವ
ಒಂದು ಮಾತು ಕೇಳ್ತೀನಿ, ಸಿಟ್ಟಾಗಬೇಡಿ. ಹೊಸ ಮೆಂಬರ್ ಅಕ್ಕಾರೇ ಇಲ್ಲಿ ಬರೀತಿದ್ದಾರಾ, ಅಥವಾ ಯಜಮಾನರಾ? ನಮ್ಮೂರಲ್ಲಿ ಅಧ್ಯಕ್ಷೆ ಮನೆಯಲ್ಲಿ ರೊಟ್ಟಿ ಬಡೀತಾರೆ, ಗಂಡ ಕುರ್ಚಿ ಮೇಲೆ ಕೂರ್ತಾನೆ.

ಹೊಸ_ಮೆಂಬರ್
ನಾನೇ ಬರೀತಿರೋದು. ರೊಟ್ಟಿ ಬಡಿದು, ಎಮ್ಮೆ ಹಿಂಡಿ, ಎಲ್ಲಾ ಮಲಗಿದ ಮೇಲೆ. ಮೊದಲ ಒಂದು ವರ್ಷ ನಮ್ಮ ಯಜಮಾನರೇ ಹೋಗ್ತಿದ್ದರು, ಸುಳ್ಳು ಹೇಳೋದಿಲ್ಲ. ಟ್ಯಾಂಕರ್ ಬಂದ ದಿನ ನಾನು ಕೊಡ ಹಿಡಿದು ಸಾಲಿನಲ್ಲಿ ನಿಂತಿದ್ದೆ. ಒಬ್ಬ ಮುದುಕಿ "ಮೆಂಬರಮ್ಮ ಆಗಿ ನೀನೂ ನಿಂತೀಯಲ್ಲವ್ವಾ" ಅಂದಳು. ಮರುದಿನದಿಂದ ಸಭೆಗೆ ನಾನೇ ಹೋಗ್ತೀನಿ. ನೂರಕ್ಕೆ 50 ಮೀಸಲಾತಿ ಕೊಟ್ಟಿದ್ದು ಗಂಡಂದಿರಿಗೆ ಅಲ್ಲವಲ್ಲ.

ಸ್ವಚ್ಛವಾಹಿನಿ_ಅಕ್ಕ
👏👏 ನೀರು ಹೊರೋರೇ ನೀರಿನ ತೀರ್ಮಾನ ಮಾಡಬೇಕು.

ಕಟ್ಟೆ_ಮೇಲಿನವ
ತಪ್ಪಾಯ್ತು ಅಕ್ಕಾರ.

ನೀರಿನ_ನಂಟು
ಪಂಚಾಯಿತಿಗಳಿಗೆ ಈಗ ಕೇಂದ್ರದವರು ಅಂಕ ಕೊಡ್ತಾರಲ್ಲ, 9 ವಿಷಯದ ಮೇಲೆ. ನಮ್ಮ ಊರಿಗೆ ಎಷ್ಟು ಬಂದಿದೆ ನೋಡಬಹುದಾ?

ಒಬ್ಬ_ಪಿಡಿಒ
ನೋಡಬಹುದು, ವೆಬ್‌ಸೈಟಿನಲ್ಲಿದೆ. ಮೊದಲ ಪಟ್ಟಿ 2022-23ರ ಮಾಹಿತಿ ಮೇಲೆ ಬಂತು. 90ಕ್ಕಿಂತ ಜಾಸ್ತಿ ಅಂಕ ಇಡೀ ದೇಶದಲ್ಲಿ ಒಂದೇ ಒಂದು ಪಂಚಾಯಿತಿಗೂ ಬರಲಿಲ್ಲ. ನನಗೆ ಅದು ಸಮಾಧಾನ ತಂದಿತು. ಎಲ್ಲರಿಗೂ 95 ಬಂದಿದ್ದರೆ ಆ ಅಂಕ ನಂಬುವಂತಿರಲಿಲ್ಲ. ಆದರೆ ಮಾಹಿತಿ ತುಂಬುವವನು ನನ್ನಂಥ ಒಬ್ಬ, ಮಾರ್ಚ್ ಕೊನೆಯ ರಾತ್ರಿ, ಸರ್ವರ್ ಡೌನ್. ಇದನ್ನೂ ನೆನಪಿಡಿ.

ಈಗ ಕೆರೆ ವಿಷಯಕ್ಕೆ ಬರ್ತೀನಿ. ಇಲ್ಲಿ ಎಲ್ಲರ ಮಾತು ಓದಿ ನನಗೊಂದು ಹೊಳೆಯಿತು. ಮೋಟರ್ ಪೂರಾ ಬಂದ್ ಅಂದರೆ 19 ಮನೆ ಒಂದಾಗಿ ನಿಲ್ಲುತ್ತವೆ. ಕೋರಂ ಇಲ್ಲದ ಹಾಗೆ ಮಾಡ್ತಾರೆ, ಸಭೆ ಮುಂದಕ್ಕೆ ಹೋಗುತ್ತೆ. ಅದರ ಬದಲು ಒಂದು ಗೆರೆ ಹಾಕಿ. ಆಲಮಟ್ಟಿಯಂಥ ದೊಡ್ಡ ಜಲಾಶಯದಲ್ಲೂ ಬೇಸಿಗೆ ಕುಡಿಯುವ ನೀರಿಗೆ ಇಷ್ಟು ಅಂತ ಮೀಸಲು ಇಡ್ತಾರಲ್ಲ, ಹಾಗೆ. ಕೆರೆ ತೂಬಿನ ಕಲ್ಲಿನ ಮೇಲೆ ಕೆಂಪು ಗೆರೆ. ನೀರು ಗೆರೆಗಿಂತ ಮೇಲಿರೋವರೆಗೆ ಸರತಿ ಮೇಲೆ ಮೋಟರ್ ನಡೆಯಲಿ. ಗೆರೆ ಮುಟ್ಟಿದ ದಿನ 19 ಮೋಟರೂ ಮೇಲೆ ಬರಬೇಕು. ದನ ಕಾಯೋ ಹುಡುಗನಿಗೂ ಗೆರೆ ಕಾಣುತ್ತೆ. ಕೆರೆ ನಿಮ್ಮ ವ್ಯಾಪ್ತಿಯದೇ ಅಂತ ಖಾತ್ರಿ ಆದರೆ ಗ್ರಾಮಸಭೆ ಠರಾವು ಮಾಡಿ. ಇಲಾಖೆಯದಾದರೆ ಅವರಿಗೂ ಠರಾವಿನ ಪ್ರತಿ ಕೊಟ್ಟು ಒಪ್ಪಿಗೆ ತಗೊಳ್ಳಿ.

ಕಬ್ಬಿನ_ಗೌಡ
ಇದು ಮಾತು. ಬಂದ್ ಅಂದ್ರೆ ನಾನೂ ಒಪ್ಪೋದಿಲ್ಲ. ಗೆರೆ ಅಂದ್ರೆ ಯೋಚನೆ ಮಾಡಬಹುದು. ಆದರೆ ಗೆರೆ ಎಲ್ಲಿ ಹಾಕ್ತೀರಿ ಅನ್ನೋದೇ ಜಗಳ, ಬರೆದಿಟ್ಕೊಳ್ಳಿ.

ಲೆಕ್ಕದ_ಹುಡುಗ
ಕೆರೆ ವಿಸ್ತೀರ್ಣ ಕೊಡಿ ಅಕ್ಕಾ, ಎಷ್ಟು ಅಡಿ ನೀರು ಉಳಿದರೆ ಜೂನ್‌ವರೆಗೆ ಬರುತ್ತೆ ಅಂತ ಲೆಕ್ಕ ಹಾಕಿ ಕೊಡ್ತೀನಿ. ಆವಿ ಹಿಡಿದು.

ಹಳ್ಳದ_ದಂಡೆ
ಹೂಳು ತೆಗೆಯೋದನ್ನೂ ಸೇರಿಸಿ. ಉದ್ಯೋಗ ಖಾತ್ರಿಯಲ್ಲಿ 2025-26ರಲ್ಲಿ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಬೇಸಿಗೆಯಲ್ಲಿ ಹೆಂಗಸರಿಗೆ ಕೆಲಸ ಆಗುತ್ತೆ, ಕೆರೆಗೆ ಒಂದು ಅಡಿ ಜಾಸ್ತಿ ನೀರು ನಿಲ್ಲುತ್ತೆ. ಕೆರೆ ಗೋಡು ಮಣ್ಣು ಮೋಟರ್ ಇದ್ದವರ ಹೊಲಕ್ಕೇ ಹಾಕಲಿ. ಅವರಿಗೂ ಏನಾದರೂ ಸಿಕ್ಕ ಹಾಗಾಗುತ್ತೆ.

ಹೊಸ_ಮೆಂಬರ್
ಎಲ್ಲರಿಗೂ ಶರಣು. ಕೆರೆ ದಾಖಲೆ ನೋಡಿಸಿದೆ, ಅಚ್ಚುಕಟ್ಟು 31 ಹೆಕ್ಟೇರ್. ನಮ್ಮದೇ. ಮುಂದಿನ ತಿಂಗಳು ಗ್ರಾಮಸಭೆ. ಆದದ್ದನ್ನು ಇಲ್ಲೇ ಬರೀತೀನಿ.

(ಐದು ವಾರದ ನಂತರ)

ಹೊಸ_ಮೆಂಬರ್
ಬರೀತೀನಿ ಅಂದಿದ್ದೆ, ಬರೆಯುತ್ತಿದ್ದೇನೆ. ಉದ್ದ ಆಗುತ್ತೆ.

ಮೊದಲು ಸವಳು ಹೊಲದ ಅಣ್ಣಾರ ಊರಿಗೆ ಹೋದೆವು. 11 ಜನ. ಅದರಲ್ಲಿ ಮೋಟರಿನವರು 7. ನನ್ನ ಮೈದುನನೂ ಬಂದಿದ್ದ. ಬರೋದಿಲ್ಲ ಅಂತ ಹಟ ಮಾಡಿದ್ದ, ಅತ್ತೆ ಬೈದು ಕಳಿಸಿದರು. ಆ ಬೆಳ್ಳನೆ ನೆಲದ ಮೇಲೆ ನಿಂತು ಒಂದು ಹಿಡಿ ಮಣ್ಣು ತಗೊಂಡು ನಾಲಿಗೆಗೆ ಇಟ್ಟು ನೋಡಿದ. ಬರುವಾಗ ದಾರಿಯುದ್ದಕ್ಕೂ ಮಾತಾಡಲಿಲ್ಲ.

ಗ್ರಾಮಸಭೆಗೆ ಡಂಗುರ ಹೊಡೆಸಿದೆ. ವಾಟ್ಸಾಪ್ ನಂಬಲಿಲ್ಲ. ಹೆಂಗಸರು ಕೊಡ ಹಿಡಿದೇ ಬಂದರು, ಅದು ಯಾರ ಉಪಾಯವೋ ಗೊತ್ತಿಲ್ಲ. ನನ್ನದಂತೂ ಅಲ್ಲ. ಶಾಲೆ ಮಕ್ಕಳಿಂದ ಕಳೆದ ಬೇಸಿಗೆಯಲ್ಲಿ ನೀರಿಗೆ ಹೋಗಿ ಶಾಲೆ ತಪ್ಪಿದ ದಿನ ಎಷ್ಟು ಅಂತ ಬರೆಸಿ ಓದಿಸಿದೆವು. ಗೆರೆಗೆ ತಾತ್ವಿಕವಾಗಿ ಎಲ್ಲಾ ಒಪ್ಪಿದರು. ಆಮೇಲೆ ಕಬ್ಬಿನ ಗೌಡರು ಹೇಳಿದ ಹಾಗೇ ಆಯಿತು. ಲೆಕ್ಕದ ಹುಡುಗ ಕೊಟ್ಟ ಲೆಕ್ಕ ಆರೂವರೆ ಅಡಿ. ಮೋಟರಿನವರು ನಾಲ್ಕು ಅಂದರು. ಎರಡು ಗಂಟೆ ಜಗಳ. ಒಬ್ಬರು ಚಪ್ಪಲಿ ಬಿಟ್ಟು ಹೋದರು, ಇನ್ನೂ ಪಂಚಾಯಿತಿಯಲ್ಲೇ ಇವೆ. ಕೊನೆಗೆ ಐದೂವರೆ ಅಡಿ, ಹೂಳು ತೆಗೆದ ಮೇಲೆ ಮತ್ತೆ ನೋಡೋಣ ಅಂತ ತೀರ್ಮಾನ.

19ರಲ್ಲಿ 13 ಜನ ಸಹಿ ಹಾಕಿದ್ದಾರೆ. ನಾಲ್ವರು "ಉಳಿದವರು ತೆಗೆದರೆ ನಾವೂ ತೆಗೀತೀವಿ" ಅಂತ. ಇಬ್ಬರು ಕೋರ್ಟಿಗೆ ಹೋಗ್ತೀವಿ ಅಂದಿದ್ದಾರೆ. ಆ ಇಬ್ಬರಲ್ಲಿ ಒಬ್ಬರು ಮೆಂಬರು. ಮೈದುನ ಸಹಿ ಹಾಕಿದ್ದಾನೆ, ನನ್ನ ಜೊತೆ ಮಾತು ಬಿಟ್ಟಿದ್ದಾನೆ.

ಈಗ ಒಂದು ಸಣ್ಣ ಪ್ರಶ್ನೆ. ತೂಬಿನ ಕಲ್ಲಿಗೆ ಹಚ್ಚಲು ನೀರಲ್ಲಿ ಅಳಿಸದ ಕೆಂಪು ಬಣ್ಣ ಯಾವುದು?

ಕಬ್ಬಿನ_ಗೌಡ
ಬಣ್ಣ ಹಚ್ಚಲೇಬೇಡಿ ತಂಗಿ. ನಾನು ಮೋಟರಿನವನು, ನನಗೆ ಗೊತ್ತು. ಬಣ್ಣದ ಗೆರೆ ರಾತ್ರೋರಾತ್ರಿ ಎರಡು ಅಡಿ ಕೆಳಗೆ ಇಳಿಯುತ್ತೆ. ಉಳಿ ಹಿಡಿದು ಕಲ್ಲಲ್ಲೇ ಕೆತ್ತಿಸಿ. ತಾರೀಖು ಹಾಕಿಸಿ.

ಗುಮ್ಮಟದ_ಗುಬ್ಬಿ
😂😂 ಗೌಡ್ರು ಪಕ್ಷ ಬದಲಿಸಿದರು.

ಹೊಸ_ಮೆಂಬರ್
ಕೆತ್ತಿಸಿದೆವು ಅಣ್ಣಾರ, ನಿನ್ನೆ ಸಂಜೆ. ಕಲ್ಲು ಕೆತ್ತುವವರಿಗೆ 800 ರೂಪಾಯಿ ಆಯಿತು, ನಾನೇ ಕೊಟ್ಟಿದ್ದೇನೆ. ಪಿಡಿಒ ಸರ್, ಇದನ್ನು ಯಾವ ಲೆಕ್ಕದಲ್ಲಿ ಬರೆಯೋದು?

ಒಬ್ಬ_ಪಿಡಿಒ
ನಿರ್ಬಂಧಿತ ಅನುದಾನ, ಕುಡಿಯುವ ನೀರು. ರಸೀದಿ ಇಟ್ಟುಕೊಂಡಿದ್ದೀರಿ ತಾನೆ?